ಅರಳಿದ ಮೊಗ್ಗಿಗೆ ಲೆಕ್ಕವಿಲ್ಲ

ಮೂರೆಲೆ ಆಟಕ್ಕೆ ಹೊಸದಾಗಿ ಕೂತವರು ಮಾಡುವ ಮೊದಲ ತಪ್ಪೆಂದರೆ ಕೈಗೆ ಬಂದದ್ದನ್ನೆಲ್ಲ ಆಡುವುದು. ಇದನ್ನು ನನಗೆ ಹೇಳಿಕೊಟ್ಟವಳು ನಡುವಿನಕ್ಕ, ಅಂದರೆ ನನ್ನ ಗಂಡನ ಎರಡನೆಯ ಅಣ್ಣನ ಹೆಂಡತಿ. ಜಾಗ, ಹಡಗಲಿಯ ಹೊರಗಿದ್ದ ನಮ್ಮ ಮನೆಯ ಪಡಸಾಲೆ. ಕಾಲ, ತೊಂಬತ್ತರ ದಶಕದ ನಡುವಿನ ಯಾವುದೋ ಶ್ರಾವಣ. ಈ ಸಂಗತಿಯನ್ನು ನಾನು ಬಾಯಲ್ಲಿ ಬಹಳ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗುತ್ತ ಬಂದಿದೆ. ನುಣುಪಾದ ನೆನಪಿನ ಮೇಲೆ ನನಗೆ ಅನುಮಾನ. ಹಾಗಾಗಿ ಇಲ್ಲಿ ಗೊತ್ತಿದ್ದದ್ದನ್ನು ಗೊತ್ತಿದೆ ಎಂದೂ, ಆಮೇಲೆ ಬಂದು ಅಂಟಿಕೊಂಡದ್ದನ್ನು ಅಂಟಿಕೊಂಡದ್ದು ಎಂದೂ ಬರೆಯಲು ನೋಡುತ್ತೇನೆ.

ಮೊದಲು, ಸೊಸೆಯಂದಿರು ಹಗಲು ಹೊತ್ತಿನಲ್ಲಿ ಇಸ್ಪೀಟು ಆಡುತ್ತ ಕೂತದ್ದು ಯಾಕೆ ಎಂಬುದನ್ನು ಹೇಳಬೇಕು.

ನಮ್ಮದು ಮಲ್ಲಿಗೆ ತೋಟದ ಮನೆ. ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಬಿಡಿಸಬೇಕು, ಒದ್ದೆ ಬಟ್ಟೆ ಹಾಸಿದ ಬುಟ್ಟಿಗೆ ತುಂಬಬೇಕು, ಬಸ್ಸಿನ ಮೇಲೆ ಏರಿಸಬೇಕು. ಒಂದು ದಿನ ಬಿಟ್ಟರೆ ಗಿಡದಲ್ಲೇ ಅರಳಿ, ಮರುದಿನಕ್ಕೆ ಕೆಂಪಗೆ ಬಾಡಿ ಉದುರುತ್ತದೆ. ಶ್ರಾವಣದಲ್ಲಿ ಹೂವಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ನಾಗರಪಂಚಮಿ ಬರುವುದೂ ಆ ಶ್ರಾವಣದಲ್ಲೇ. ನಮ್ಮ ಸೀಮೆಯಲ್ಲಿ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ತವರಿನಲ್ಲಿ ಜೋಕಾಲಿ ಕಟ್ಟಿರುತ್ತಾರೆ, ಡಬ್ಬಿ ತುಂಬ ಉಂಡಿ ಕಟ್ಟಿಟ್ಟಿರುತ್ತಾರೆ. ಮೂವರು ಸೊಸೆಯರೂ ಹೊರಟುಬಿಟ್ಟರೆ ಮೊಗ್ಗು ಬಿಡಿಸುವವರು ಯಾರು? ಕೂಲಿಗೆ ಬರುವ ಹೆಣ್ಣುಮಕ್ಕಳೂ ಅದೇ ಹಬ್ಬಕ್ಕೆ ತಂತಮ್ಮ ತವರಿಗೆ ಹೋಗುವವರು. ಗಂಡಸರ ಬೆರಳು ಮೊಗ್ಗಿನ ತೊಟ್ಟಿಗೆ ದಪ್ಪವಾಯಿತು ಎಂಬುದು ಅತ್ತೆಯ ಮಾತು. ಗಂಡಸರು ಆ ಮಾತನ್ನು ಬಹಳ ಸಂತೋಷದಿಂದ ಒಪ್ಪಿಕೊಂಡಿದ್ದರು.

ಒಬ್ಬಳು ಅತ್ತೆಯ ಜೊತೆ ಉಳಿಯಲೇಬೇಕಿತ್ತು. ನಾನು ಆ ಮನೆಗೆ ಬರುವ ಮೊದಲು ಅತ್ತೆ ಒಂದು ವರ್ಷ ತಾನೇ ಉಳಿಯುವವಳನ್ನು ಆರಿಸಿದ್ದಳಂತೆ. ಆಮೇಲೆ ದೀಪಾವಳಿಯವರೆಗೆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವಂತೆ. ಮರುವರ್ಷ ಅವಳು, ಗಂಡಸರು ಯುಗಾದಿಗೆ ಆಡಿ ಎಸೆದಿದ್ದ ಹಳೆಯ ಎಲೆಗಳನ್ನು ಒರೆಸಿ ಎತ್ತಿಟ್ಟುಕೊಂಡಳು. "ಇನ್ ಮ್ಯಾಲ ಎಲಿ ಹೇಳ್ಲಿ. ಬೈಯೋದಿದ್ರ ಎಲಿ ಬೈರಿ, ನನ್ನ ತಂಟಿಗೆ ಬರಬ್ಯಾಡ್ರಿ" ಎಂದಳು.

ಆ ಕಟ್ಟಿನಲ್ಲಿ ಆಟೀನ್ ರಾಜ ಇರಲಿಲ್ಲ. ಯಾರದೋ ಲಗ್ನಪತ್ರಿಕೆಯನ್ನು ಅದೇ ಅಳತೆಗೆ ಕತ್ತರಿಸಿ ಸೇರಿಸಿದ್ದರು. ಬೆನ್ನ ಮೇಲೆ ಅರಿಶಿನ ಮೆತ್ತಿದ ಅರ್ಧ ಗಣಪತಿ. ಹಾಗಾಗಿ ಆ ರಾಜ ಯಾರ ಕೈಗೆ ಹೋದರೂ ಎಲ್ಲರಿಗೂ ಕಾಣುತ್ತಿತ್ತು. "ಬಂದಾ ನೋಡವಾ ಮದಿಮಗ" ಎಂದು ನಗುತ್ತಿದ್ದರು. ಬೇರೆ ಎಲೆಯನ್ನು ಬಚ್ಚಿಡಬಹುದು, ಮದುಮಗನನ್ನು ಬಚ್ಚಿಡಲು ಆಗುತ್ತಿರಲಿಲ್ಲ.

ಪಣಕ್ಕೆ ಇಡುತ್ತಿದ್ದದ್ದು ಮೊಗ್ಗು. ಬೆಳಗಿನ ಬಸ್ಸು ಹೋದ ಮೇಲೂ ಗಿಡದ ಒಳಗೆ ಅಡಗಿಕೊಂಡಿದ್ದ ಒಂದಷ್ಟು ಮೊಗ್ಗು ಸಿಗುತ್ತಿದ್ದವು. ಅವು ಮಾರಾಟಕ್ಕಲ್ಲ, ಮನೆಯ ಹೆಂಗಸರ ಪಾಲು. ಅದನ್ನು ಅತ್ತೆ ಚಟಾಕಿನಲ್ಲಿ ಅಳೆದು ಮೂವರ ತಾಟಿಗೂ ಸಮನಾಗಿ ಹಾಕುತ್ತಿದ್ದಳು. ಊಟವಾದ ಮೇಲೆ ಆಟ. ಯಾರ ಮೊಗ್ಗು ಮೊದಲು ಮುಗಿಯುತ್ತದೋ ಅವಳು ಪಂಚಮಿಗೆ ಉಳಿಯುತ್ತಾಳೆ. ಇದಕ್ಕೆ ಒಂದು ನಿಯಮ ಸೇರಿತ್ತು. ಅರಳಿದ ಮೊಗ್ಗಿಗೆ ಲೆಕ್ಕವಿಲ್ಲ. ಕಿತ್ತ ಮೊಗ್ಗು ಸಂಜೆಯ ಹೊತ್ತಿಗೆ ತಾಟಿನಲ್ಲೇ ಬಾಯಿ ಬಿಡುತ್ತದೆ. ಅತ್ತೆ ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವೆ ಕೈ ಚಾಚಿ, ಅರಳಿದ್ದನ್ನೆಲ್ಲ ಆರಿಸಿ ತನ್ನ ಮೊರಕ್ಕೆ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಸೋತವಳು ಆ ಹೂವನ್ನೆಲ್ಲ ಕಟ್ಟಿ ದೇವರಿಗಿಟ್ಟು, ಉಳಿದದ್ದನ್ನು ತಾನು ಮುಡಿಯಬೇಕು.

ಮದುವೆಯಾದ ಮೊದಲ ವರ್ಷ ಹೊಸ ಸೊಸೆಗೆ ಆಟವಿಲ್ಲ. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಿಂದ ಅಣ್ಣ ಬರುವವನಿದ್ದ, ನಾನು ಹೋಗುವವಳಿದ್ದೆ. ಸುಮ್ಮನೆ ಬಾಗಿಲಿಗೆ ಒರಗಿ ನೋಡಿದೆ. ಆ ಸಲ ಇಬ್ಬರದೇ ಆಟ, ದೊಡ್ಡಕ್ಕ ಮತ್ತು ನಡುವಿನಕ್ಕ. ದೊಡ್ಡಕ್ಕ ಅಂದರೆ ಹಿರಿಯ ಸೊಸೆ, ಹರಪನಹಳ್ಳಿ ತಾಲೂಕಿನ ನೀಲಗುಂದದವಳು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಅವಳು ಸೋತಳು. ನಾನು ಆ ಮನೆಯಲ್ಲಿ ಕೇಳಿದ ಮಟ್ಟಿಗೆ ಅವಳು ಪ್ರತಿ ವರ್ಷ ಸೋಲುತ್ತಿದ್ದಳು. ಓಣಿಯ ಹೆಂಗಸರಿಗೆ ಇದೊಂದು ತಮಾಷೆ.

"ಈ ವರ್ಷಾನೂ ಎಲಿ ಕೈ ಕೊಟ್ಟುವೇನ್ರಿ ಅಕ್ಕಾರ?"

"ಏನ್ ಮಾಡೋದವಾ, ಎಲಿಗೂ ನನಗೂ ಹೋದ ಜನ್ಮದ ಹಗಿ. ನೀವು ಉಂಡಿ ತಂದು ಕೊಡ್ರಿ, ಕುಂತಲ್ಲೇ ತಿಂತೀನಿ."

ಎರಡನೆಯ ವರ್ಷ ನಾನು ಆಡಬೇಕಿತ್ತು, ಗೆಲ್ಲಲೂ ಬೇಕಿತ್ತು. ನನ್ನ ತಂಗಿಗೆ ಗಂಡುಮಗು ಹುಟ್ಟಿತ್ತು. ಅವಳನ್ನು ಕೊಟ್ಟದ್ದು ದೂರದ ಊರಿಗೆ. ಬಾಣಂತನದ ಹೊತ್ತಿಗೆ ನಮ್ಮಲ್ಲಿ ಮಲ್ಲಿಗೆಯ ಸುಗ್ಗಿ, ನನಗೆ ಹೋಗಲಾಗಿರಲಿಲ್ಲ. ಪಂಚಮಿಗೆ ಅವಳು ಕೂಸನ್ನು ಎತ್ತಿಕೊಂಡು ಹೊಸಹಳ್ಳಿಗೆ ಬರುವವಳಿದ್ದಳು. ಕೂಸು ಆಗಷ್ಟೇ ತೆವಳಲು ಕಲಿತಿದೆ ಎಂದು ಸುದ್ದಿ ಬಂದಿತ್ತು. ನನಗೆ ಆ ಕೂಸು ತೆವಳುವುದನ್ನು ನೋಡಬೇಕಿತ್ತು, ಅಷ್ಟೇ. ಇಷ್ಟು ಸಣ್ಣ ಆಸೆಗೆ ಇಷ್ಟೊಂದು ಅಭ್ಯಾಸ ಮಾಡಿದೆನೇ ಎಂದು ಈಗ ಅನ್ನಿಸುತ್ತದೆ.

ಆಷಾಢದುದ್ದಕ್ಕೂ ಮಧ್ಯಾಹ್ನಗಳಲ್ಲಿ ನಡುವಿನಕ್ಕ ನನಗೆ ಪಾಠ ಹೇಳಿದಳು. ಹುಣಸೆಬೀಜ ಇಟ್ಟುಕೊಂಡು ಕಲಿತೆವು. ಹೇಳಿಕೊಟ್ಟವಳನ್ನೇ ನಾನು ಸೋಲಿಸಬಹುದಲ್ಲ ಎಂಬ ಹೆದರಿಕೆ ಅವಳಿಗೆ ಇರಲಿಲ್ಲ. ಸೋಲಲು ದೊಡ್ಡಕ್ಕ ಇದ್ದಾಳೆ ಎಂಬ ಧೈರ್ಯ ಇಬ್ಬರಿಗೂ ಇತ್ತು.

"ಏ ತಂಗಿ, ಹತ್ತು ಸಲ ಎಲಿ ಬಂದ್ರ ಏಳು ಸಲ ಕಸಾನ ಬರ್ತೈತಿ. ಕಸ ಬಂತಂದ್ರ ಪ್ಯಾಕ್ ಅನ್ನು, ಎಲಿ ಕೆಳಗಿಡು. ಬಾಯಿ ಮುಚ್ಕೊಂಡು ಮಂದಿ ನೋಡು."

"ಎಲಿ ಕೆಳಗಿಟ್ಟ ಮ್ಯಾಲ ನೋಡಾದೇನೈತಿ ಅಕ್ಕ?"

"ಅವಾಗಾನ ನೋಡಾದು. ಕೈಯಾಗ ಎಲಿ ಇದ್ರ ನೀ ನಿನ್ನ ಎಲೀನ ನೋಡ್ತಿ, ಮಂದಿ ಕಾಣಂಗಿಲ್ಲ."

ಸುಳ್ಳಾಟ ಕಲಿಸಿದ್ದೂ ಅವಳೇ. ಕೈಯಲ್ಲಿ ಏನೂ ಇಲ್ಲದೆ ಬಹಳ ಇದೆ ಎಂಬಂತೆ ಮೊಗ್ಗು ಎಸೆದು ಎದುರಿನವರನ್ನು ಹೆದರಿಸುವುದು. "ಸುಳ್ಳು ಹೇಳಾದಿದ್ರ ಬುದ್ಧಿ ಇದ್ದವರ ಮುಂದ ಹೇಳು. ಬುದ್ಧಿ ಇದ್ದವರು ಹೆದರ್ತಾರ. ದೊಡ್ಡಾಕಿ ಮುಂದ ನಡಿಯಂಗಿಲ್ಲ. ಆಕಿ ಕಸ ಬಂದಾಗ ಆಡ್ತಾಳ, ಎಲಿ ಬಂದಾಗ ಕೆಳಗಿಡ್ತಾಳ. ಆಕಿಗೆ ಆಟ ಅನ್ನಾದ ಬರಂಗಿಲ್ಲ ಹೋಗು."

ಈ ಕೊನೆಯ ಮಾತನ್ನು ನಾನು ಆಗ ಬರೀ ಬೈಗುಳ ಎಂದು ಕೇಳಿಸಿಕೊಂಡೆ.

ಬಿ.ಎ. ಓದಿದವಳೆಂಬ ಸಣ್ಣ ಜಂಬ ಇತ್ತು ನನಗೆ. ನಡುವಿನಕ್ಕ ಹೇಳಿದ್ದಕ್ಕೆ ನನ್ನದೂ ಒಂದಷ್ಟು ಸೇರಿಸಿಕೊಂಡೆ. ದೊಡ್ಡಕ್ಕ ಎಲೆ ಎತ್ತಿ ನೋಡಿದ ಮೇಲೆ ಕೆಲವೊಮ್ಮೆ ಕಾಲುಂಗುರವನ್ನು ತಿರುವುತ್ತಿದ್ದಳು. ತಿರುವಿದಾಗೆಲ್ಲ ಎಲೆ ಕೆಳಗಿಟ್ಟುಬಿಡುತ್ತಿದ್ದಳು. ಮೊದಲ ವರ್ಷ ಬಾಗಿಲಿಗೆ ಒರಗಿ ನೋಡಿದಾಗಲೇ ಇದನ್ನು ಗುರುತು ಹಾಕಿಕೊಂಡಿದ್ದೆ. ಕಾಲುಂಗುರ ತಿರುವಿದರೆ ಕೈಯಲ್ಲಿ ಕಸ. ಇದನ್ನು ನಡುವಿನಕ್ಕನಿಗೂ ಹೇಳಿರಲಿಲ್ಲ.

ಇನ್ನೊಂದು, ಕೂರುವ ಜಾಗ. ಎಲೆ ಹಂಚುವವಳು ಯಾವಾಗಲೂ ಅತ್ತೆ, ಒಳಗೋಡೆಗೆ ಬೆನ್ನು ಕೊಟ್ಟು. ಮೊದಲ ಮಾತು ನೀರಿನ ಹರವಿಗಳ ಮಗ್ಗುಲಲ್ಲಿ ಕೂತವಳದು, ಆಮೇಲೆ ಕಂಬದ ಹತ್ತಿರದವಳದು, ಕೊನೆಗೆ ಬಾಗಿಲ ಬಳಿಯವಳದು. ಮೊದಲು ಮಾತಾಡುವವಳು ಕತ್ತಲಲ್ಲಿ ಕಾಲಿಟ್ಟ ಹಾಗೆ. ಉಳಿದವರು ಏನು ಮಾಡುತ್ತಾರೋ ಗೊತ್ತಿಲ್ಲದೆ ಮೊಗ್ಗು ಇಡಬೇಕು. ಕೊನೆಯವಳಿಗೆ ಎಲ್ಲ ಗೊತ್ತಿರುತ್ತದೆ. ಮೇಲಾಗಿ ಬಾಗಿಲು ಪಡುವಣಕ್ಕಿತ್ತು. ಅಲ್ಲಿ ಕೂತರೆ ಬೆಳಕು ನಮ್ಮ ಬೆನ್ನಿಗೆ, ಎದುರಿನವರ ಮುಖಕ್ಕೆ. ಆ ಪಡಸಾಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ವರ್ಷವೂ ಅಲ್ಲಿ ಕೂರುತ್ತಿದ್ದವಳು ದೊಡ್ಡಕ್ಕ. ಹಿರಿಯಳೆಂದು ಒಳ್ಳೆಯ ಜಾಗ ಹಿಡಿಯುತ್ತಾಳೆ, ಹಿಡಿದೂ ಸೋಲುತ್ತಾಳಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ದಿನ ಬಾಗಿಲ ಬಳಿ ಕೂತವಳು ನಾನು.

ಇಲ್ಲಿ ನನ್ನ ನೆನಪು ಎರಡಾಗಿ ಸೀಳುತ್ತದೆ. ಒಂದರಲ್ಲಿ ನಾನೇ ಕೇಳುತ್ತೇನೆ, "ಅಕ್ಕ, ಈ ಸಲ ನಾ ಇಲ್ಲಿ ಕುಂದರ್ಲೇನು, ಗಾಳಿ ಬರ್ತೈತಿ." ಅವಳು ಒಂದು ಗಳಿಗೆ ತಡೆದು, "ಕುಂದ್ರು" ಎನ್ನುತ್ತಾಳೆ. ಇನ್ನೊಂದರಲ್ಲಿ ನಾನು ಬರುವ ಹೊತ್ತಿಗೆ ಅವಳು ಆಗಲೇ ಹರವಿಗಳ ಮಗ್ಗುಲಲ್ಲಿ ಕೂತಿದ್ದಾಳೆ. ತಣ್ಣನೆಯ ನೆಲವನ್ನು ಅಂಗೈಯಿಂದ ಸವರುತ್ತ, "ಬಾ ಸಣ್ಣಾಕಿ, ಅಲ್ಲಿ ಕುಂದ್ರು, ನಿನಗಂತ ಬಿಟ್ಟೀನಿ" ಎನ್ನುತ್ತಾಳೆ. ಎರಡೂ ದನಿಗಳು ನನಗೆ ಸ್ಪಷ್ಟವಾಗಿ ಕೇಳಿಸುತ್ತವೆ. ಎರಡರಲ್ಲಿ ಒಂದನ್ನು ನಾನೇ ಕಟ್ಟಿಕೊಂಡಿದ್ದೇನೆ. ಯಾವುದೆಂದು ತಿಳಿಯದು.

ಆಟ ಶುರುವಾಯಿತು. ಕಲಿತದ್ದನ್ನು ತಪ್ಪದೆ ಮಾಡಿದೆ. ಕಸ ಬಂದಾಗ ಕೆಳಗಿಟ್ಟೆ. ಸುಮಾರಾದ ಎಲೆ ಬಂದರೂ ಕೆಳಗಿಟ್ಟೆ. ಜೋಡಿ ಬಂದರೆ ಮಾತ್ರ ಆಡಿದೆ. ನಡುವಿನಕ್ಕ ಮೆಚ್ಚಿ ಹುಬ್ಬು ಹಾರಿಸಿದಳು. ಒಂದು ಹೊತ್ತಿಗೆ ನನ್ನ ತಾಟು ಮೂವರಲ್ಲೇ ತುಂಬಿಕೊಂಡಿತ್ತು. ನಡುವಿನಕ್ಕನದು ಅರ್ಧ. ದೊಡ್ಡಕ್ಕನದು ಅದಕ್ಕೂ ಕಡಿಮೆ. ದೊಡ್ಡಕ್ಕ ಅವತ್ತು ವಿಚಿತ್ರವಾಗಿ ಆಡುತ್ತಿದ್ದಳು. ಎಲೆಯನ್ನು ಎತ್ತಿ ನೋಡುತ್ತಲೇ ಇರಲಿಲ್ಲ. "ಬ್ಲೈಂಡ್" ಎನ್ನುವುದು, ಒಂದು ಮೊಗ್ಗು ಎಸೆಯುವುದು. ಎಲೆ ನೋಡದೆ ಆಡುವುದಕ್ಕೆ ಹಾಗೆನ್ನುತ್ತಾರೆ. ನೋಡದವಳು ಒಂದು ಇಟ್ಟರೆ ನೋಡಿದವಳು ಎರಡು ಇಡಬೇಕು.

"ಏ ಅಕ್ಕ, ಎಲಿ ನೋಡಲೇ. ಕಣ್ಣಿಗೇನು ಪರೆ ಬಂದೈತೇನು?" ನಡುವಿನಕ್ಕ ಛೇಡಿಸಿದಳು.

"ನೋಡಿ ನೋಡಿ ಸಾಕಾಗೇತಿ. ನೋಡಿ ಏನ್ ಕಟ್ಕೊಂಡೀನಿ? ನಿಮ್ಮ ಭಾವನ್ನೂ ನೋಡೇ ಮಾಡ್ಕೊಂಡಿದ್ದೆ."

ಅತ್ತೆಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೈ ಚಾಚಿ ನನ್ನ ತಾಟಿನಿಂದ ಅರಳಿದ್ದನ್ನು ಆರಿಸತೊಡಗಿದಳು. ಒಂದು, ಇನ್ನೊಂದು, ಆಮೇಲೆ ಒಂದು ಹಿಡಿ. ಆಗ ನನ್ನ ಬೆನ್ನಿಗೆ ಬಿಸಿಲು ತಾಗಿದ್ದು ಗೊತ್ತಾಯಿತು. ಹೊತ್ತು ಇಳಿದು, ಬಿಸಿಲು ಹೊಸ್ತಿಲು ದಾಟಿ ನನ್ನ ಬೆನ್ನು, ತೊಡೆ, ಪಕ್ಕದ ತಾಟನ್ನೆಲ್ಲ ಮುಟ್ಟಿತ್ತು. ನಾನು ಇಷ್ಟು ಹೊತ್ತು ಖರ್ಚು ಮಾಡದೆ ಉಳಿಸಿಕೊಂಡ ಮೊಗ್ಗುಗಳು ಒಂದರ ಹಿಂದೊಂದು ಬಾಯಿ ಬಿಡುತ್ತಿದ್ದವು. ದೊಡ್ಡಕ್ಕನ ತಾಟು ಹರವಿಯ ಒದ್ದೆ ನೆರಳಲ್ಲಿತ್ತು. ಅವಳ ಮೊಗ್ಗು ಕಡಿಮೆಯಿದ್ದರೂ ಹಲ್ಲು ಕಚ್ಚಿಕೊಂಡು ಕೂತಿದ್ದವು.

ಆಗಲಾದರೂ ತಾಟನ್ನು ಸೆರಗಿನಿಂದ ಮುಚ್ಚಬಹುದಿತ್ತು, ಜರುಗಿ ಕೂರಬಹುದಿತ್ತು. ಆದರೆ ಅಷ್ಟರಲ್ಲಿ ಹೊಸ ಎಲೆ ಬಂದಿತ್ತು. ಬೆನ್ನ ಮೇಲೆ ಅರ್ಧ ಗಣಪತಿ.

"ಸಣ್ಣಾಕಿ ಮನಿಗೆ ಬಂದಾ ಮದಿಮಗ" ಎಂದಳು ನಡುವಿನಕ್ಕ.

ಎತ್ತಿ ನೋಡಿದೆ. ಮದುಮಗನ ಜೊತೆಗೆ ಇನ್ನೊಬ್ಬ ರಾಜನೂ ಇದ್ದ. ರಾಜನ ಜೋಡಿ. ಆ ಮಧ್ಯಾಹ್ನಕ್ಕೆಲ್ಲ ಅದಕ್ಕಿಂತ ಒಳ್ಳೆಯ ಎಲೆ ನನಗೆ ಬಂದಿರಲಿಲ್ಲ. ನಡುವಿನಕ್ಕ ಮೊಗ್ಗು ಇಟ್ಟು, ಇನ್ನೊಂದು ಸುತ್ತು ನೋಡಿ ಕೆಳಗಿಟ್ಟಳು. ಉಳಿದವರು ನಾವಿಬ್ಬರು. ಇಲ್ಲೊಂದು ನಿಯಮ ಹೇಳಬೇಕು. ಇಬ್ಬರೇ ಉಳಿದಾಗ "ಶೋ" ಕೇಳಿ ಎಲೆ ತೆರೆಸಬಹುದು. ಆದರೆ ಎದುರಿನವಳು ಬ್ಲೈಂಡ್ ಆಡುತ್ತಿದ್ದರೆ, ಎಲೆ ನೋಡಿದವಳು ಶೋ ಕೇಳುವಂತಿಲ್ಲ. ಆಡುತ್ತ ಹೋಗಬೇಕು, ಇಲ್ಲವೇ ಕೆಳಗಿಡಬೇಕು. ಕೇಳುವ ಹಕ್ಕು ನೋಡದವಳದು.

ದೊಡ್ಡಕ್ಕ ಕೇಳಲಿಲ್ಲ. ಒಂದು ಮೊಗ್ಗು ಎಸೆದಳು. ನಾನು ಎರಡು. ಅವಳು ಒಂದು. ನಾನು ಎರಡು. ಅವಳ ಮೂರು ಎಲೆಗಳು ನೆಲದ ಮೇಲೆ ಅತ್ತೆ ಹಾಕಿದಲ್ಲೇ, ಹಾಕಿದ ಹಾಗೇ ಬಿದ್ದಿದ್ದವು. ನಾನು ಅವಳ ಕಾಲುಂಗುರ ನೋಡಿದೆ. ಎಲೆಯನ್ನೇ ನೋಡದವಳು ಕಾಲುಂಗುರ ಯಾಕೆ ತಿರುವುತ್ತಾಳೆ? ಅವಳ ಮುಖ ನೋಡಿದೆ. ಬೆಳಕೆಲ್ಲ ಅವಳ ಮುಖದ ಮೇಲಿತ್ತು. ನಾನು ಬಯಸಿದ್ದ ಹಾಗೆಯೇ. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

"ಎರಡು ಇಡು" ಎಂದಳು.

ತಾಟಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕದ್ದೆಲ್ಲ ಮೆತ್ತಗಿತ್ತು. ಹುಡುಕಿ ಒಂದು ಮೊಗ್ಗು ಹಿಡಿದೆ. ಇನ್ನೊಂದು ಬೇಕಿತ್ತು. ಅರಳಿದ ಹೂಗಳನ್ನು ಸರಿಸಿ ಸರಿಸಿ ನೋಡಿದೆ. ಪಡಸಾಲೆಯ ತುಂಬ ವಾಸನೆ ಎದ್ದಿತ್ತು.

"ಇದು ಮೊಗ್ಗಲ್ಲೇನ್ರಿ ಅತ್ತಿ?" ಎಂದು ಒಂದನ್ನು ಎತ್ತಿ ತೋರಿಸಿದೆ.

ಅತ್ತೆ ಅದನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. "ಬಾಯಿ ಬಿಟ್ಟೈತವಾ" ಎಂದು ಮೊರಕ್ಕೆ ಹಾಕಿದಳು.

ಉಳಿದ ಒಂದು ಮೊಗ್ಗನ್ನೂ ನಡುವೆ ಹಾಕಿ, ರಾಜನ ಜೋಡಿಯನ್ನು ಕೆಳಗಿಟ್ಟೆ. ಆಟ ಮುಗಿಯಿತು. ದೊಡ್ಡಕ್ಕನ ಆ ಮೂರು ಎಲೆ ಏನಿದ್ದವು? ಬಾಯಲ್ಲಿ ಹೇಳುವಾಗ ನಾನು ಕೆಲವರಿಗೆ ಅವು ಬರೀ ಕಸವಾಗಿದ್ದವು ಎಂದಿದ್ದೇನೆ. ಕೆಲವರಿಗೆ ಮೂರೂ ರಾಣಿ ಎಂದಿದ್ದೇನೆ. ಎರಡೂ ಕೇಳಲು ಚೆನ್ನಾಗಿರುತ್ತವೆ. ನಿಜವೆಂದರೆ ಅತ್ತೆ ಅವನ್ನು ಮಗುಚದೆ ಎತ್ತಿ ಕಟ್ಟಿನಲ್ಲಿ ಕಲಸಿಬಿಟ್ಟಳು. ನಡುವಿನಕ್ಕ "ತಡೀರಿ ಅತ್ತಿ, ನೋಡೂಣು" ಎಂದು ಕೈ ಚಾಚಿದ್ದಳು. "ಆಡಿದಾಕೀನ ನೋಡಿಲ್ಲ, ನಿನಗ್ಯಾಕ?" ಎಂದಳು ಅತ್ತೆ. ಹಾಗಾಗಿ ಆ ಎಲೆಗಳನ್ನು ಲೋಕದಲ್ಲಿ ಯಾರೂ ನೋಡಲಿಲ್ಲ, ಗೆದ್ದವಳೂ ಸಹ.

ಆ ಹೂವನ್ನು ಕಟ್ಟಿ ಮುಡಿದೆ. ಕಣ್ಣೀರು ಹಾಕಿದೆನೋ ಇಲ್ಲವೋ ನೆನಪಿಲ್ಲ. ತಂಗಿಗೆ ಹೇಳುವಾಗ ಹಾಕಿದೆ ಎಂದಿದ್ದೇನೆ.

ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಗೆ ಇನ್ನೂ ಒಂದೆರಡು ದಿನವಿರುವಾಗ, ನನ್ನ ಅಣ್ಣ ಹೊಸಹಳ್ಳಿಯಿಂದ ಬಂದ. ಆಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಬರಬೇಡವೆಂದು ಹೇಳುವ ದಾರಿ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ನಾನು ಹೇಳಿದ್ದನ್ನೆಲ್ಲ ಕೇಳಿದ.

"ಎಲಿ ಆಡಿ ಸೋತಳು, ಅದಕ್ಕ ಬರಲಿಲ್ಲ ಅಂತ ಅವ್ವಗ ಹೆಂಗ ಹೇಳ್ಲಿ ಮಾರಾಯ್ತಿ?"

"ಹೂವು ಭಾಳ ಬಂದೈತಿ ಅಂತ ಹೇಳು."

"ಹಂಗ ಹೇಳಿದ್ರ ಅವ್ವ ನಿಮ್ಮತ್ತೀನ ಬೈತಾಳ. ಎಲಿ ಅಂದ್ರ ನಿನ್ನ ಬೈತಾಳ. ಯಾವುದು ಬೇಕು?"

ಯಾವುದನ್ನು ಹೇಳಿದನೋ ಕೇಳಲಿಲ್ಲ. ಅವನು ಏಳುವ ಹೊತ್ತಿಗೆ ಓಣಿಯಲ್ಲಿ ಇನ್ನೊಬ್ಬ ಗಂಡಸು ಬಂದು ನಿಂತ. ನರೆತ ಮೀಸೆ, ಕಂಕುಳಲ್ಲಿ ಕೊಡೆ. ಮನೆ ಇದೇ ಹೌದೋ ಅಲ್ಲವೋ ಎಂಬಂತೆ ಬಾಗಿಲನ್ನೇ ನೋಡುತ್ತಿದ್ದ. ದೊಡ್ಡಕ್ಕ ಒಳಗಿನಿಂದ ಬಂದವಳು ಹೊಸ್ತಿಲಲ್ಲಿ ನಿಂತಳು. ಅವಳ ದೊಡ್ಡ ದನಿ ಎಲ್ಲಿಗೆ ಹೋಯಿತೋ.

"ಬಾ ಅಣ್ಣ" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅವರಿಬ್ಬರೂ ಆ ದಿನವೇ ನೀಲಗುಂದಕ್ಕೆ ಹೋದರು. ನಡುವಿನಕ್ಕನೂ ಹೋದಳು. ಪಂಚಮಿಯ ಬೆಳಗ್ಗೆ ತೋಟದಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಒಂದು ಸಾಲಿನಲ್ಲಿ ಅವಳು, ಪಕ್ಕದ ಸಾಲಿನಲ್ಲಿ ನಾನು. ಗಿಡದ ಆಚೆಯಿಂದ ಅತ್ತೆಯೇ ಮಾತು ಶುರು ಮಾಡಿದಳು.

"ದೊಡ್ಡಾಕಿ ಇಷ್ಟು ವರ್ಷ ಯಾಕ ಸೋಲ್ತಿದ್ದಳು, ಗೊತ್ತೇನು?"

"ಆಟ ಬರಂಗಿಲ್ಲ ಅಂತಾರಲ್ರಿ."

"ಆಟ ಬರಲಾರದಾಕಿ ಆಗಿದ್ರ ಅಷ್ಟು ವರ್ಷದಾಗ ಒಂದಾದ್ರೂ ಸಲ ತಪ್ಪಿ ಗೆಲ್ತಿದ್ದಳು." ಅತ್ತೆ ಬುಟ್ಟಿಯನ್ನು ಮುಂದಕ್ಕೆ ಸರಿಸಿಕೊಂಡಳು. "ಅವರವ್ವ ಸತ್ತ ಮ್ಯಾಲ ಅವರಣ್ಣ ಕರಿಯಾಕ ಬಂದಿದ್ದಿಲ್ಲ. ಏನಾಗಿತ್ತೋ ಏನೋ ಅವರವರ ನಡುವ, ನಾ ಕೇಳಿಲ್ಲ. ಕರೀಲಾರದ ಹೆಂಗ ಹೋಗ್ತಾಳ? ಕರೀಲಾರದ ಉಳದ್ಲು ಅಂದ್ರ ಮಂದಿ ತವರನ್ನ ಆಡ್ಕೋತಾರ. ಸೋತು ಉಳದ್ಲು ಅಂದ್ರ ಎಲಿ ಬೈತಾರ, ನಗತಾರ, ಸುಮ್ಮನಾಗ್ತಾರ."

ನನ್ನ ಕೈ ನಿಂತಿತ್ತು. ಬಿಸಿಲಿನ ಜಾಗ ಹುಡುಕಿ ಕೂರುತ್ತಿದ್ದದ್ದು, ಕಸ ಬಂದಾಗ ಆಡುತ್ತಿದ್ದದ್ದು, ಎಲ್ಲ ಒಂದೊಂದಾಗಿ ಸಾಲಿಗೆ ಬಂದು ನಿಂತವು.

"ಈ ಸಲ ಹರಪನಹಳ್ಳಿಗೆ ಹೋದ ಬುಟ್ಟಿ ವಾಪಸ್ ಬಂತಲ್ಲ, ಅದರ ಕೂಡ ಅವರಣ್ಣ ಬಸ್ಸಿನವನ ಕೈಲಿ ಹೇಳಿ ಕಳಿಸಿದ್ದ, ಪಂಚಮಿಗೆ ಬರ್ತೀನಿ, ತಯಾರಿರು ಅಂತ."

"ನೀವಾದ್ರೂ ನನಗೊಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀ ಬಿಟ್ಟು ಕೊಡ್ತಿದ್ದಿ."

"ಕೊಡ್ತಿದ್ದೆ."

"ಅದಕ್ಕ ಹೇಳಲಿಲ್ಲ. ಆಕಿಗೆ ಬಿಟ್ಟು ಕೊಟ್ಟದ್ದು ಬ್ಯಾಡಾಗಿತ್ತು. ಕೈ ಆಡ್ಸು, ಬಸ್ಸಿನ ಹೊತ್ತಾತು."

ನಿಜವಾಗಿ ಬಿಟ್ಟುಕೊಡುತ್ತಿದ್ದೆನೇ? ಅತ್ತೆಯ ಮುಂದೆ ಹಾಗೆನ್ನುವುದು ಸುಲಭವಿತ್ತು. ಆಟದ ದಿನ ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಲಾರೆ. ತಂಗಿಯ ಕೂಸನ್ನು ನಾನು ನೋಡಿದ್ದು ದೀಪಾವಳಿಗೆ. ಅಷ್ಟರಲ್ಲಿ ಅವನು ಗೋಡೆ ಹಿಡಿದು ನಿಲ್ಲುತ್ತಿದ್ದ. "ಒಂದ್ ಸಲ ತೆವಳಿ ತೋರ್ಸೋ ನಿಮ್ಮ ದೊಡ್ಡವ್ವಗ" ಎಂದು ತಂಗಿ ಕೆಳಗೆ ಕೂರಿಸಿದರೆ, ಎದ್ದು ಮತ್ತೆ ಗೋಡೆಯನ್ನೇ ಹಿಡಿದ. ಇದಕ್ಕೆ ನಾನು ಅತ್ತದ್ದು ಖಂಡಿತ ಇಲ್ಲ. ನಕ್ಕೆ.

ದೊಡ್ಡಕ್ಕ ನೀಲಗುಂದದಿಂದ ಬಂದಾಗ ಕೈಗೆ ಗೋರಂಟಿ ಹಾಕಿಕೊಂಡಿದ್ದಳು. ಬಂದವಳೇ ನನ್ನ ಸೆರಗಿಗೆ ಶೇಂಗಾದ ಉಂಡಿ ಸುರಿದಳು. "ತಿನ್ನಲೇ, ನಿನ್ನ ಮೊಗ್ಗು ಗೆದ್ದು ತಂದದ್ದು" ಎಂದಳು. ಓಣಿಗೆಲ್ಲ ಕೇಳಿಸುವ ಹಾಗೆ ಅದೇ ದೊಡ್ಡ ದನಿ.

ಇನ್ನು ಉಳಿದದ್ದು ಮರುವರ್ಷದ ಮಾತು. ಮರುವರ್ಷವೋ ಅದರ ಮುಂದಿನದ್ದೋ ಎಂದು ನಡುವಿನಕ್ಕ ಇಂದಿಗೂ ನನ್ನೊಡನೆ ವಾದ ಮಾಡುತ್ತಾಳೆ. ದೊಡ್ಡಕ್ಕನ ಗುಟ್ಟು ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂದೂ ಈಗ ಹೇಳುತ್ತಾಳೆ. ಅದನ್ನು ನಾನು ನಂಬುವುದಿಲ್ಲ.

ಆ ಸಲ ನಾನು ಊಟ ಬೇಗ ಮುಗಿಸಿ ಹರವಿಗಳ ಮಗ್ಗುಲಲ್ಲಿ ಹೋಗಿ ಕೂತಿದ್ದೆ. ಕೆಟ್ಟ ಜಾಗ, ಮೊದಲ ಮಾತು ನನ್ನದೇ. ಆದರೂ ನೆಲ ತಣ್ಣಗಿತ್ತು. ನಡುವಿನಕ್ಕ ಕಂಬಕ್ಕೆ ಒರಗಿದಳು. ದೊಡ್ಡಕ್ಕ ಕೈ ಒರೆಸಿಕೊಳ್ಳುತ್ತ ಬಂದು, ನಮ್ಮಿಬ್ಬರನ್ನೂ ನೋಡಿ, ಬಾಗಿಲ ಬಳಿ ಕೂತಳು. ಎಲೆ ಕಲಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಅಕ್ಕ, ಅಲ್ಲಿ ಬಿಸಲು ಬರ್ತೈತಿ. ನೀ ಇಲ್ಲಿ ಬಾ, ನಾ ಅಲ್ಲಿ ಕುಂದರ್ತೀನಿ" ಎಂದೆ.

"ಬಿಸಲು ನನಗೇನು ಹೊಸದಾ? ಕುಂದ್ರಲೇ ಸುಮ್ಮನ. ನಿಮ್ಮಣ್ಣ ಬರಾಂವ ಅದಾನ."

ನಡುವಿನಕ್ಕ ಹೇಳುವ ಪ್ರಕಾರ ಆ ವರ್ಷ ದೊಡ್ಡಕ್ಕನಿಗೆ ಮೊಣಕಾಲು ನೋವಿತ್ತು, ಹೊಸ್ತಿಲ ಮೇಲೆ ಕಾಲು ಚಾಚಿ ಕೂರಲು ಅನುಕೂಲವೆಂದು ಅಲ್ಲಿ ಕೂತಳು, ಅಷ್ಟೇ. ಇರಬಹುದು. ನೋವಿದ್ದದ್ದೂ ಹೌದು.

ಅತ್ತೆ ಎಲೆ ಹಾಕಿದಳು. ನಾನು, ನಡುವಿನಕ್ಕ ಮೊಗ್ಗು ಇಟ್ಟೆವು. ಈ ಸಲ ದೊಡ್ಡಕ್ಕ ಬ್ಲೈಂಡ್ ಆಡಲಿಲ್ಲ. ಮೂರೂ ಎಲೆ ಎತ್ತಿ, ಸೆರಗಿನ ಮರೆಯಲ್ಲಿ ಹಿಡಿದು ನೋಡಿದಳು. ಮದುಮಗ ಅವಳ ಕೈಯಲ್ಲಿದ್ದ. ಅರ್ಧ ಗಣಪತಿ ನನಗೆ ನೇರವಾಗಿ ಕಾಣುತ್ತಿತ್ತು. ಆಗ ಅವಳ ಇನ್ನೊಂದು ಕೈ ಕಾಲ ಬೆರಳಿಗೆ ಹೋಯಿತು. ಕಾಲುಂಗುರವನ್ನು ಒಂದು ಸುತ್ತು ತಿರುವಿದಳು.

"ಪ್ಯಾಕ್" ಎಂದು ರಾಜನನ್ನು ಕೆಳಗಿಟ್ಟಳು. ಬಿಸಿಲು ಇನ್ನೂ ಹೊಸ್ತಿಲ ಹೊರಗಿತ್ತು.

"ಆಡಲೇ ಸಣ್ಣಾಕಿ, ಏನ್ ನೋಡಾಕತ್ತಿ?" ಎಂದಳು.

ನಾನು ಎರಡು ಮೊಗ್ಗು ಎತ್ತಿ ನಡುವೆ ಹಾಕಿದೆ.